ಅಕ್ಕನ ಹೂಂ

೧೨ ಫೆಬ್ರವರಿ ೧೯೮೬, ಬುಧವಾರ. ನಂದವರಂ.

ಅಕ್ಕನ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಮದ್ರಾಸಿನಲ್ಲಿ ಶಬ್ದದ ಮೇಲೆ ಸಂಶೋಧನೆ ಮಾಡುವ ನಮ್ಮೂರ ಸೇತುಮಾಧವ ಇಂದು ಕ್ಯಾಸೆಟ್ ತಂದಿದ್ದ. ಹಿಂದೆ ಬಂದಾಗ ಗುಡಿಯ ಕಲ್ಲುಮಂಟಪದಲ್ಲಿ ಒಂದು ಚಪ್ಪಾಳೆಯ ಪ್ರತಿಧ್ವನಿಯನ್ನೂ, ಮನೆಯಲ್ಲಿ ನಾನು ಹೇಳುವ ಕಥೆಯನ್ನೂ ಬೇರೆಬೇರೆಯಾಗಿ ರೆಕಾರ್ಡ್ ಮಾಡಿಕೊಂಡಿದ್ದ. ನನ್ನ ದನಿಯ ಒಂದೊಂದು ಚೂರನ್ನೂ ಆ ಪ್ರತಿಧ್ವನಿಯ ಪ್ರತಿ ಚೂರಿನೊಡನೆ ಗುಣಿಸಿ ಕೂಡಿಸಿದರೆ, ಮಂಟಪದಲ್ಲೇ ಕೂತು ಹೇಳಿದಂತೆ ಕೇಳುತ್ತದಂತೆ. ಒಂದೇ ವಾಕ್ಯಕ್ಕೆ ಕಂಪ್ಯೂಟರಿಗೆ ಇಡೀ ರಾತ್ರಿ ಬೇಕು.

ಅಂದು ಬಸವಕ್ಕ ಎಂದಿನಂತೆ ಕಥೆಗೆ ಹೂಂಗುಟ್ಟಲು ನನ್ನ ಪಕ್ಕ ಕೂತಿದ್ದಳು. ನಾನೇ ಗದರಿದೆ. "ಅಕ್ಕಾ, ನಿನ್ನ ಹೂಂಗೂ ಮಿಷನ್ನು ಲೆಕ್ಕ ಹಾಕ್ಬೇಕಾಗತೈತಿ. ಸುಮ್ಕ ಹೊರಗ ಕುಂದ್ರು."

"ನನ್ನ ಹೂಂ ಅಷ್ಟು ಭಾರ ಐತೇನೋ?" ಎಂದು ನಕ್ಕು ಎದ್ದುಹೋದಳು.

"ಇರ್ಲಿ ಬಿಡ್ರಿ ಉಚ್ಚೀರಪ್ಪ, ಆಕಿ ಇದ್ರ ತೊಂದ್ರಿ ಇಲ್ಲ" ಎಂದ ಸೇತುಮಾಧವ. ಕೇಳಿಸದವನಂತೆ ಕಥೆ ಶುರು ಮಾಡಿದೆ. ಕಂಪ್ಯೂಟರಿನ ಆ ಇಡೀ ರಾತ್ರಿಯ ದುಡಿಮೆ ನನ್ನ ದನಿಯೊಂದಕ್ಕೇ ಸಲ್ಲಲೆಂಬ ಆಸೆ ನನಗೆ.

ಇಂದು ಜಗುಲಿಯಲ್ಲಿ ಎಲ್ಲರೆದುರು ಕ್ಯಾಸೆಟ್ ಹಾಕಿದೆವು. "ಒಂದಾನೊಂದು ಊರಾಗ ಒಬ್ಬ ಕುರುಬ ಇದ್ದ." ಥೇಟ್ ಮಂಟಪವೇ. ದನಿ ಕಂಬಗಳ ನಡುವೆ ಸುತ್ತಾಡಿ ಅಡಗಿತು. ಜನ ಭೇಷ್ ಎನ್ನುವ ಮೊದಲೇ ಬಾಗಿಲ ಬಳಿಯಿಂದ ಅಕ್ಕ ಅಂದಳು, "ಹೂಂ."

ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಈಗ ಅಂದ್ರ ಭಾರ ಆಗಂಗಿಲ್ಲ ಹೌದಲ್ಲೋ, ತಮ್ಮಾ?"

ಚುಚ್ಚಲು ಅಲ್ಲ, ಅವಳು ನಿಜವಾಗಿಯೇ ಕೇಳಿದ್ದು. ಆಮೇಲೆ ಮುಂದಿನ ವಾಕ್ಯಕ್ಕೆ ಕಾಯುತ್ತ ನಿಂತಳು. ಕ್ಯಾಸೆಟ್ಟಿನಲ್ಲಿ ಇದ್ದದ್ದು ಆ ಒಂದೇ ವಾಕ್ಯ.