ಸುಳ್ಳುಮೀನು ಎರಕ ಹೊಯ್ಯುವ ಬಗೆ

ಅಕ್ಟೋಬರ್ ೧೪, ಭಾನುವಾರ

ನಮ್ಮ ಅವಸರದಮ್ಮನಿಗೆ,

ಮಾವನ ತುಂಬು ಮನಸ್ಸಿನ ಆಶೀರ್ವಾದ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಅತ್ತೆಯ ಮಂಡಿ ಮಾತ್ರ ಈಚೆಗೆ ಅವಳಿಗಿಂತ ಜಾಸ್ತಿ ಮಾತಾಡುತ್ತಿದೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಈ ಮುದುಕ ಉತ್ತರವನ್ನೇ ಬರೆಯಲಿಲ್ಲವಲ್ಲ ಎಂದು ಬೇಜಾರು ಮಾಡಿಕೊಂಡಿರುತ್ತೀಯ, ಕ್ಷಮಿಸು. ಕನ್ನಡಕ ಸಿಗಲಿಲ್ಲ, ಕೈ ನಡುಗುತ್ತದೆ ಎಂದೆಲ್ಲ ನೆಪ ಹೇಳಬಹುದು. ಆದರೆ ಜೀವಮಾನವಿಡೀ ಊರಿನವರ ನಲ್ಲಿ, ಪೈಪು ರಿಪೇರಿ ಮಾಡುತ್ತ "ನಾಳೆ ಬಂದೇ ಬರ್ತೀನಿ" ಎಂದು ಎಲ್ಲರಿಗೂ ಸುಳ್ಳು ಹೇಳಿದವನು ನಾನು. ನಿನಗಾದರೂ ಅದು ಬೇಡ. ಏನು ಬರೆಯಬೇಕೆಂದು ತಿಳಿಯಲಿಲ್ಲ, ಅಷ್ಟೇ.

ನೀನು ಎರಡು ವಿಷಯ ಕೇಳಿದ್ದೀಯ. ನೀನು ಮತ್ತೆ ಮದುವೆಯಾಗಲು ನಮ್ಮ ಒಪ್ಪಿಗೆ ಇದೆಯೇ, ಇದ್ದರೆ ಮದುವೆಗೆ ಬರುತ್ತೇವೆಯೇ ಎನ್ನುವುದು ಒಂದು. ಸುಳ್ಳುಮೀನು ಎರಕ ಹೊಯ್ಯುವುದು ಹೇಗೆಂದು ಬಿಡಿಸಿ ಬರೆಯಬೇಕು, ನೀನು ಮದುವೆಯಾಗುವವರಿಗೂ ಕಲಿಯುವ ಆಸೆಯಿದೆ ಎನ್ನುವುದು ಇನ್ನೊಂದು. ಸುಲಭದ್ದನ್ನು ಮೊದಲು ಮುಗಿಸುತ್ತೇನೆ, ತಡೆದುಕೋ.

ಅವರು ಕೃತಕ ಹಲ್ಲು ಮಾಡುವ ಕೆಲಸದವರು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. "ಸರಿಹೋಯ್ತು ಬಿಡಿ, ನಿಮ್ಮ ಬೊಚ್ಚು ಬಾಯಿಗೂ ಒಂದು ದಾರಿ ಆಯ್ತು" ಅಂದಳು. ಹೀಗೆ ಅವರ ಪರಿಚಯ ನಮ್ಮ ಅಡುಗೆಮನೆಯಲ್ಲಿ ಆಯಿತು.

ಅವರಿಗೆ ಹೇಳು: ಸುಳ್ಳುಮೀನು ಎಂದು ಕರೆಯುವುದು ನಮ್ಮ ಮನೆಯಲ್ಲಿ ಮಾತ್ರ. ಸಮುದ್ರದ ದಡದಲ್ಲಿ ನಿಂತು, ಉದ್ದನೆಯ ಗಾಳದ ಕೋಲಿನಿಂದ ಅಲೆಯಾಚೆಗೆ ಎಸೆಯುವ ಲೋಹದ ಮೀನು ಅದು. ಎರೆಹುಳ ಬೇಡ, ಸಿಗಡಿ ಬೇಡ, ಅದರ ಹೊಳಪು ಕಂಡೇ ದೊಡ್ಡ ಮೀನು ಮೋಸಹೋಗಬೇಕು. ಮೊದಲು ಮೆತ್ತನೆಯ ಮರದಲ್ಲಿ ಬೆರಳುದ್ದದ ಮೀನು ಕೆತ್ತಬೇಕು. ಬಾಲದ ಕಡೆ ಭಾರ ಜಾಸ್ತಿ ಇರಲಿ, ಇಲ್ಲದಿದ್ದರೆ ಎದುರುಗಾಳಿಗೆ ಪಲ್ಟಿ ಹೊಡೆಯುತ್ತದೆ. ಅದನ್ನು ಪ್ಲಾಸ್ಟರಿನಲ್ಲಿ ಒತ್ತಿ ಎರಡು ಹೋಳಿನ ಅಚ್ಚು ತೆಗೆಯುವುದನ್ನು ನಾನು ಕಲಿಸಬೇಕಿಲ್ಲ. ದವಡೆಯ ಅಚ್ಚು ತೆಗೆಯುವವರಿಗೆ ಮೀನು ಯಾವ ಲೆಕ್ಕ, ಅದಾದರೂ ನಡುವೆ ಕೆಮ್ಮುವುದಿಲ್ಲ. ಅಚ್ಚಿನ ಒಳಮೈಗೆ ಮೇಣದಬತ್ತಿಯ ಮಸಿ ಹಿಡಿಸಿದರೆ ಸೀಸ ಮೂಲೆಮೂಲೆಗೂ ಹರಿಯುತ್ತದೆ. ಮೂಗಿನಿಂದ ಬಾಲದವರೆಗೆ ಗಟ್ಟಿ ತಂತಿ ಇಟ್ಟು ಎರಡೂ ತುದಿಯಲ್ಲಿ ಕೊಂಡಿ ಬಿಡಬೇಕು, ಒಂದು ದಾರಕ್ಕೆ, ಒಂದು ಗಾಳಕ್ಕೆ. ಹಳೆಯ ಪೈಪಿನ ಸೀಸ, ಹೊಳಪಿಗೆ ಸ್ವಲ್ಪ ತವರ. ಬಾಗಿಲು ಕಿಟಕಿ ತೆರೆದಿಟ್ಟೇ ಕಾಯಿಸಬೇಕು, ಆ ಹೊಗೆ ಒಳ್ಳೆಯದಲ್ಲ. ಮೇಲೆ ತೇಲುವ ಕಿಟ್ಟ ತೆಗೆದು ಒಂದೇ ಧಾರೆಯಾಗಿ ಹೊಯ್ಯಬೇಕು. ಆಮೇಲೆ ಕೈಕಟ್ಟಿ ಕೂರಬೇಕು. ಈ ಕೊನೆಯ ಕೆಲಸ ಮಾತ್ರ ನಿನಗೆ ಯಾವತ್ತೂ ಬರಲಿಲ್ಲ. ಆರುವ ಮೊದಲೇ ಅಚ್ಚು ಬಿಚ್ಚಿ ಎಷ್ಟು ಮೀನಿನ ಬಾಲ ಮುರಿದಿದ್ದೀಯ! ನಿನ್ನ ಬಿರುದು ಸುಮ್ಮನೆ ಬಂದದ್ದಲ್ಲ.

ಎಲ್ಲಕ್ಕಿಂತ ಮುಖ್ಯ, ಅಚ್ಚು ಒಣಗಿರಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಅವರ ಕಣ್ಣೆದುರಿಗೆ ಅಂಟಿಸು. ಯಾಕೆಂದು ನಿನಗೆ ಗೊತ್ತು.

ನಮ್ಮ ಮಗ ತೀರಿಹೋಗಿ ಒಂದು ಮಳೆಗಾಲ ಕಳೆದಿತ್ತು. ಬಂದರಿನ ಕ್ರೇನಿನ ತುದಿಯಲ್ಲಿ ಕೂತು ಹಡಗಿನ ಸಾಮಾನು ಇಳಿಸುತ್ತಿದ್ದ ಗಟ್ಟಿ ಆಳನ್ನು ಒಂದು ಜ್ವರ ಹಾಗೆ ಮಲಗಿಸಿಬಿಡುತ್ತದೆ ಎಂದು ಯಾರು ಎಣಿಸಿದ್ದರು? ಆ ವಾರದ ಮಾತು ಬೇಡ. ಅವನು ಮೀನು ಹೊಯ್ಯುತ್ತಿದ್ದ ಹಿತ್ತಲ ಶೆಡ್ಡಿಗೆ ನಾನು ಬೀಗ ಜಡಿದಿದ್ದೆ. ಒಂದು ಮಧ್ಯಾಹ್ನ ನೀನು ಬಂದು ಕೈಚಾಚಿ ನಿಂತೆ.

"ಮಾವ, ಶೆಡ್ಡಿನ ಕೀ ಕೊಡಿ."

"ಯಾಕಮ್ಮ?"

"ಮೀನು ಹೊಯ್ಯೋದು ಕಲೀಬೇಕು. ನಿಮ್ಮ ಮಗ ಕಲಿಸ್ತೀನಿ, ಕಲಿಸ್ತೀನಿ ಅಂತಾನೇ ಇದ್ರು, ಕಲಿಸ್ಲೇ ಇಲ್ಲ."

ನನಗೆ ಕೊಡುವ ಮನಸ್ಸಿರಲಿಲ್ಲ. ಕೊಡದೆ ಇರುವ ಧೈರ್ಯವೂ ಇರಲಿಲ್ಲ.

ನೀನು ಮಾಡಿದ ಮೊದಲ ಅಚ್ಚನ್ನು ಕಿಟಕಿಯ ಬಿಸಿಲಿಗಿಟ್ಟೆ. ಮರುದಿನ ಮುಟ್ಟಿ ನೋಡಿ "ಒಣಗಿದೆ ಮಾವ, ಹೊಯ್ಯಿರಿ" ಎಂದು ಹುಕುಂ ಮಾಡಿದೆ. ಕೆನ್ನೆಗೆ ತಾಗಿಸಿ ನೋಡಬೇಕು, ತಣ್ಣಗಿದ್ದರೆ ಒಳಗೆ ಇನ್ನೂ ಹಸಿ ಎಂದರ್ಥ. ನಾನೂ ಒಬ್ಬ ಬೆಪ್ಪ, ನಿನ್ನ ಮಾತು ಕೇಳಿ ಹೊಯ್ದೆ. ಢಂ! ಒಳಗಿನ ಹಸಿಯೆಲ್ಲ ಆವಿಯಾಗಿ ಕಾದ ಸೀಸವನ್ನು ಉಗುಳಿಬಿಟ್ಟಿತು. ದಪ್ಪ ಏಪ್ರನ್ನು, ಕೈಗವಸು, ಕಣ್ಣಿಗೆ ಕನ್ನಡಕ ಇದ್ದದ್ದಕ್ಕೆ ಬಚಾವಾದೆವು. ನಿನ್ನ ಅತ್ತೆ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು. ನಮ್ಮಿಬ್ಬರ ಮಸಿ ಮುಖ ನೋಡಿದಳು, ತಲೆಯೆತ್ತಿ ಚಾವಣಿಯ ಶೀಟಿಗೆ ಅಂಟಿಕೊಂಡು ಹೊಳೆಯುತ್ತಿದ್ದ ಸೀಸ ನೋಡಿದಳು.

"ಮೀನು ಸಮುದ್ರದಲ್ಲಿ ಇರ್ತಾವೆ ಅಂದ್ಕೊಂಡಿದ್ದೆ, ನಿಮ್ಮದು ಮಾಡಿನ ಮೇಲೇನಾ?"

ನೀನು ಕಿಸಕ್ಕೆಂದೆ. ಆಮೇಲೆ ಬಿದ್ದು ಬಿದ್ದು ನಕ್ಕೆ, ನಗುತ್ತ ನಗುತ್ತಲೇ ಅಳಲು ಶುರುಮಾಡಿದೆ. ನಿನ್ನ ಅತ್ತೆಯೂ ಅಲ್ಲೇ ನೆಲದ ಮೇಲೆ ಕೂತು ನಿನ್ನನ್ನು ತಬ್ಬಿಕೊಂಡಳು. ನಾನು ಹೊರಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮುಖ ತೊಳೆದೆ, ಮಸಿ ಹೋದ ಮೇಲೂ ತೊಳೆಯುತ್ತಲೇ ಇದ್ದೆ. ಅವನು ಹೋದ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿಸಿದ್ದು ಅಂದೇ ಮೊದಲು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಶೆಡ್ಡು ತೆರೆಯಿತು. ಮನೆಯೊಳಗೆ ಯಾರೂ ಅವನ ಮಾತೆತ್ತುತ್ತಿರಲಿಲ್ಲ, ಎಲ್ಲಿ ಒಬ್ಬರು ಇನ್ನೊಬ್ಬರನ್ನು ಅಳಿಸಿಬಿಡುತ್ತೇವೋ ಎಂದು ಹೆದರುತ್ತಿದ್ದೆವು. ಅರ ಹಿಡಿದು ಮೀನಿನ ಅಂಚು ತೀಡುವಾಗ ಮಾತ್ರ ಇಬ್ಬರಿಗೂ ಬಾಯಿ ಬಿಡಲು ಸುಲಭವಾಗುತ್ತಿತ್ತು, ಕಣ್ಣು ಕೆಲಸದ ಮೇಲೆ ಇರುತ್ತಿತ್ತಲ್ಲ. ಅವನು ಚಿಕ್ಕವನಿದ್ದಾಗ ತವರದ ತುಂಡು ನುಂಗಿ ನಮ್ಮನ್ನೆಲ್ಲ ಆಸ್ಪತ್ರೆಗೆ ಓಡಿಸಿದ್ದನ್ನು ನಾನು ಹೇಳಿದೆ. ಮದುವೆಗೆ ಮೊದಲು ನಿನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿ ಅರ್ಧದಲ್ಲೇ ಗೊರಕೆ ಹೊಡೆದದ್ದನ್ನು ನೀನು ಹೇಳಿದೆ. ಅವನಿಗೆ ಗೊರಕೆ ಇತ್ತೆಂದು ನನಗೆ ತಿಳಿದದ್ದೇ ಆಗ!

ನಿನ್ನ ಮೊದಲ ಮೀನು ನೀರಿನಲ್ಲಿ ಗಿರಗಿರನೆ ತಿರುಗಿ ದಾರವನ್ನೆಲ್ಲ ಸಿಕ್ಕುಮಾಡಿತು. ಬಾಗು ಕೊಡಲು ಬಾಲಕ್ಕೆ ಹೊಡೆಯುವ ಸುತ್ತಿಗೆಯ ಏಟು ಜಾಸ್ತಿ ಬಿದ್ದಿತ್ತು. ಸುಳ್ಳುಮೀನು ತಿರುಗಬಾರದು, ಓಲಾಡಬೇಕು, ಏಟು ತಿಂದ ಮೀನು ತಪ್ಪಿಸಿಕೊಂಡು ಓಡುವ ಹಾಗೆ. ಆ ಬಾಗು ಬರುವತನಕ ನೀನು ಹಟ ಬಿಡಲಿಲ್ಲ. ಕೊನೆಗೊಂದು ಬೆಳಗ್ಗೆ ಗಾಳದ ಕೋಲು ಬಿಲ್ಲಾಗಿ ಬಾಗಿತು. "ಮಾವ, ಬಂತು! ಬಂತು!" ಎಂದು ಕೂಗುತ್ತ ಹಿಂದೆ ಹಿಂದೆ ನಡೆದು, ಮರಳಿನ ಮೇಲೆ ಚಾದರ ಹಾಸಿ ತಿಂಡಿಗೆ ಕೂತಿದ್ದ ಸಂಸಾರವೊಂದರ ನಡುವೆ ಹೋಗಿ ಬಿದ್ದೆ. ಅವರ ಫ್ಲಾಸ್ಕಿನ ಟೀ ಎಲ್ಲ ಮರಳು ಕುಡಿಯಿತು. ಆ ಯಜಮಾನರು ನಿನ್ನನ್ನು ಬೈಯಲು ಬಾಯಿ ತೆರೆದವರು ಮೀನು ನೋಡಿ ಹಾಗೇ ಮುಚ್ಚಿಕೊಂಡರು. ಈಗಲೂ ನೆನೆದುಕೊಂಡು ಒಬ್ಬನೇ ನಗುತ್ತೇನೆ.

ಅವರಿಗೆ ಉಪಯೋಗವಾಗುವುದಾದರೆ ನಮ್ಮವನ ಅಚ್ಚು ಕಳಿಸಬಹುದೇ ಎಂದು ಕೇಳಿದ್ದೀಯ. ಕಳಿಸುವುದಿಲ್ಲ ತಾಯಿ. ಕೋಪದಿಂದಲ್ಲ. ಅವನು ಕೆತ್ತಿದ ಮೀನಿಗೆ ಅವನ ಕೈಯ ಬಾಗು ಇದೆ. ಹೊಸಬರು ಅದರಲ್ಲಿ ಹೊಯ್ದರೆ ನೀನು ಪ್ರತಿ ಸಲ ಅವನ ಮೀನನ್ನೂ ಇವರ ಮೀನನ್ನೂ ಹೋಲಿಸಿ ನೋಡುತ್ತೀಯ, ಅದು ಅವರಿಗೂ ನ್ಯಾಯವಲ್ಲ, ನಮ್ಮವನಿಗೂ ಅಲ್ಲ. ಅವರು ತಮ್ಮ ಮೀನನ್ನು ತಾವೇ ಕೆತ್ತಿಕೊಳ್ಳಲಿ. ಕೆಟ್ಟರೆ ಕರಗಿಸಿ ಮತ್ತೆ ಹೊಯ್ದರಾಯಿತು, ಸೀಸಕ್ಕೇನೂ ಬೇಜಾರಿಲ್ಲ.

ಈಗ ಕಷ್ಟದ ವಿಷಯ. ಮೂಲೆಮನೆಯ ಟೈಲರಮ್ಮನಿಗೆ ಹೇಗೋ ಸುದ್ದಿ ಮುಟ್ಟಿದೆ. "ಸೊಸೆ ಮದ್ವೆಗೆ ಅತ್ತೆ-ಮಾವ ಹೋಗೋದು ಎಲ್ಲಾದ್ರೂ ಉಂಟಾ?" ಎಂದು ಬೇಲಿಯ ಆಚೆಯಿಂದ ರಾಗ ತೆಗೆದರು. ನಿನ್ನ ಅತ್ತೆ ಬಿಡುತ್ತಾಳೆಯೇ? "ಹೋಗ್ತೀವಮ್ಮ. ಅದಕ್ಕೆ ಹೊಸ ಬಟ್ಟೆ ನೀವೇ ಹೊಲ್ಕೊಡ್ಬೇಕು. ಬನ್ನಿ, ಅಳತೆ ತಗೊಳ್ಳಿ" ಅಂದಳು. ಬಂದು ತೆಗೆದುಕೊಂಡೂ ಹೋದರು.

ನಿನ್ನ ಕಾಗದ ಮೊದಲ ಸಲ ಓದಿದಾಗ ಮಡಿಸಿ ಪಕ್ಕಕ್ಕಿಟ್ಟುಬಿಟ್ಟದ್ದು ನಿಜ. ಮತ್ತೆ ಓದಿದಾಗ "ಅವರು ನನ್ನನ್ನು ನಗಿಸುತ್ತಾರೆ ಮಾವ" ಎಂಬ ಸಾಲಿಗೆ ಬಂದು ನಿಂತುಬಿಟ್ಟೆ. ನಿನ್ನ ವಯಸ್ಸಿಗೆ ಮುದುಕರ ಜೊತೆ ಸೀಸ ಕಾಯಿಸುತ್ತ ಕೂರುವುದೇ ಬಾಳಾಗಬಾರದು. ಒಪ್ಪಿಗೆ ಇದೆ ಮಗು, ಮನಸಾರೆ ಇದೆ. ಮದುವೆಗೆ ಇಬ್ಬರೂ ಬರುತ್ತೇವೆ, ಹಿಂದಿನ ದಿನವೇ ಬರುತ್ತೇವೆ. ನೂರು ಕಾಲ ಇಬ್ಬರೂ ನಗುನಗುತ್ತ ಬಾಳಿ. ಅತ್ತೆಯೂ ಆಶೀರ್ವಾದ ತಿಳಿಸಿದ್ದಾಳೆ, ಊಟ ಬಿಡಬೇಡ ಎಂದಿದ್ದಾಳೆ.

ಇಂತಿ ನಿನ್ನ ಒಳಿತನ್ನೇ ಬಯಸುವ,
ಮಾವ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ಬಿಚ್ಚಿದ್ದೇನೆ. ನಿಜವಾಗಿ ತಡವಾದದ್ದು ಈ ಒಂದು ಮಾತಿಗೆ. ಮದುವೆಯ ಮನೆಯೆಂದ ಮೇಲೆ ಗಂಡಿನ ಕಡೆಯ ಹಿರಿಯರು ಪಕ್ಕದಲ್ಲಿ ಬಂದು ಕೂರುತ್ತಾರೆ. "ಹುಡುಗಿಗೆ ನೀವು ಏನಾಗಬೇಕು?" ಎಂದು ಮರ್ಯಾದೆಗೆ ಕೇಳಿಯೇ ಕೇಳುತ್ತಾರೆ. ಮಾವ ಎನ್ನಲು ಬಾರದು, ಆ ಹೊತ್ತಿಗೆ ನಿನ್ನ ಮಾವ ಎಂದರೆ ಗಂಡಿನ ತಂದೆ. ಪರಿಚಯದವನು ಎನ್ನಲು ನನಗೆ ನಾಲಿಗೆ ಏಳದು. ನಮ್ಮವನು ಹೋದ ಮೇಲೆ ನನ್ನನ್ನು ಅಪ್ಪ ಎಂದು ಕರೆದವರಿಲ್ಲ. ನಿನ್ನ ತಂದೆ ಹೋಗಿ ನೀನೂ ಹಾಗೆ ಯಾರನ್ನಾದರೂ ಕರೆದು ಎಷ್ಟೋ ವರ್ಷವಾಯಿತು. ಬಲವಂತವೇನಿಲ್ಲ. ಅವರು ಕೇಳಿದರೆ ನಾನು ಏನು ಹೇಳಲಿ, ನೀನೇ ಬರೆದು ತಿಳಿಸು.