ಅರ್ಧ ಚಹಾ

ಫೆಬ್ರವರಿ ೬, ಶುಕ್ರವಾರ

ನಿದ್ದೆ ಬರುತ್ತಿಲ್ಲ. ಜಶವಂತಕಾಕಾ ಪತ್ರವನ್ನು ಪೂರ್ತಿ ಓದದೆ ಸಹಿ ಹಾಕಿದ್ದೇ ಕಣ್ಣ ಮುಂದೆ ಬರುತ್ತಿದೆ.

ಅಪ್ಪ, ಕಾಕಾ ಇಬ್ಬರೂ ನಾನು ಹುಟ್ಟುವ ಮೊದಲಿನಿಂದ ಸೂರತ್ತಿನ ಮಾರುಕಟ್ಟೆಯಲ್ಲಿ ಒಂದೇ ಗಾದಿಯ ಮೇಲೆ ಕುಳಿತು ಸೀರೆ ಮಾರಿದವರು. ಪಾಲುದಾರಿಕೆ ಬರೀ ಬಾಯಿಮಾತಿನದು. ಬಿ.ಕಾಂ. ಎಲ್‌ಎಲ್.ಬಿ. ಮೂರನೇ ವರ್ಷಕ್ಕೆ ಬಂದ ನನ್ನಂಥ ಮಹಾರಾಣಿಗೆ ಅದು ಸರಿಕಾಣಲಿಲ್ಲ. ತರಗತಿಗೆಂದು ಬರೆದ ಪಾಲುದಾರಿಕೆ ಪತ್ರಕ್ಕೆ ಪ್ರೊಫೆಸರು ಭೇಷ್ ಅಂದಿದ್ದರು. ಅದರಲ್ಲಿ ಇವರಿಬ್ಬರ ಹೆಸರು ಹಾಕಿ ಇವತ್ತು ಜಂಬದಿಂದ ಅಂಗಡಿಗೆ ಒಯ್ದೆ.

"ಇದ್ಯಾಕೆ ದೀಕರಿ?" ಎಂದಿನಂತೆ ಮಗಳೇ ಎಂದು ಕರೆದು ಕಾಕಾ ನಕ್ಕರು.

"ನಾಳೆ ನಿಮ್ಮಿಬ್ರಲ್ಲಿ ಜಗಳ ಬಂದ್ರೆ ಅಂತ, ಕಾಕಾ. ಒಬ್ರು ಮೋಸ ಮಾಡಿದ್ರೆ ಏನ್ಮಾಡ್ಬೇಕು ಅಂತಾನೂ ಬರ್ದಿದೀನಿ."

ನಗು ನಿಂತಿತು. ಅಪ್ಪನ ಕಡೆ ತಿರುಗಿದರು. "ರಸಿಕ, ನೀನು ಹೇಳಿ ಬರೆಸಿದ್ಯಾ?"

ಅಪ್ಪ ಇಲ್ಲ ಅನ್ನಬೇಕಿತ್ತು. ನನ್ನ ಮುಖ ನೋಡಿ, "ಓದಿದ ಹುಡುಗಿ, ಇರ್ಲಿ ಬಿಡು," ಅಂದುಬಿಟ್ಟರು.

"ಕೊಡು ಪೆನ್ನು," ಅಂದರು ಕಾಕಾ.

ಸಂಜೆ ಇವರಿಗೆ ಬರುವುದು ಒಂದೇ ಕಪ್ ಚಹಾ. ಅರ್ಧವನ್ನು ಸಾಸರಿಗೆ ಸುರಿದುಕೊಂಡು ಅಪ್ಪ ಕುಡಿಯುತ್ತಾರೆ, ಕಪ್ಪಿನಲ್ಲಿ ಉಳಿದದ್ದು ಕಾಕಾಗೆ. ನನಗೆ ಬುದ್ಧಿ ಬಂದಾಗಿನಿಂದ ಹೀಗೆಯೇ. ಇವತ್ತು ಕಾಕಾ ಚಹಾದವನನ್ನು ಕೂಗಿ, "ಇನ್ಮೇಲೆ ಎರಡು ತಾರಪ್ಪ," ಎಂದರು.

ಎರಡು ಬಂತು. ಅಪ್ಪ ತಮ್ಮದರಲ್ಲಿ ಅರ್ಧ ಸಾಸರಿಗೆ ಸುರಿದು ಕುಡಿದು, ಕಪ್ಪನ್ನು ಕಾಕಾರ ಕಡೆಗೆ ಸರಿಸಿದರು. ಆಮೇಲೆ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡರು.

ಅಂಗಡಿ ಮುಚ್ಚುವಾಗಲೂ ಆ ಅರ್ಧ ಚಹಾ ಅಲ್ಲೇ ಇತ್ತು, ಕೆನೆ ಕಟ್ಟಿಕೊಂಡು.