ನೇರಳೆ ದೀಪ, ಬಿಳಿ ದೀಪ

ಆಗಸ್ಟ್ 9, ಬೆಳಿಗ್ಗೆ

ಮತ್ತೆ ಅದೇ ಕೆಲಸ. ನಾಲ್ಕೂ ಕುಂಡಗಳನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದೆ. ಸರಿಸಿ ಏನು ಬಂತು? ಎದುರಿಗೆ ಹೊಸ ಕಟ್ಟಡದ ಗೋಡೆ. ಹುಡುಗಿಯ ಕೋಣೆಗೆ ಹಗಲಲ್ಲೂ ಲೈಟ್ ಹಾಕಬೇಕು. ಎಲೆ ಮಾತ್ರ ಕಡು ಹಸಿರು, ದಷ್ಟಪುಷ್ಟ. ಅಷ್ಟಾದರೂ ಸಮಾಧಾನ.

ಆರ್ಕಿಡ್‌ಗಳು ಅವಳ ಅಮ್ಮನವು. ಇವರ ಮೊದಲ ಹೆಂಡತಿ. ಆಕೆ ತೀರಿಕೊಂಡ ಮೇಲೆ ಹುಡುಗಿ ಇಲ್ಲಿಗೆ ಬಂದಳು — ಒಂದು ಬ್ಯಾಗ್ ಬಟ್ಟೆ, ಈ ಗಿಡಗಳು. ನಾನು ಏನು ಕೇಳಿದರೂ ಉತ್ತರ ಒಂದೇ: ಪರವಾಗಿಲ್ಲ.

ನಿನ್ನೆ ಅವಳ ದೊಡ್ಡಮ್ಮನ ಫೋನು. ಅವರ ಬಾಲ್ಕನಿಗೆ ಒಳ್ಳೆ ಬಿಸಿಲಂತೆ. ಡಿಸೆಂಬರ್ ರಜೆಗೆ ಗಿಡಗಳನ್ನೂ ಕಳಿಸಿ, ಹುಡುಗಿಯನ್ನೂ ಕಳಿಸಿ, ಅಲ್ಲೇ ಶಾಲೆಗೆ ಸೇರಿಸುತ್ತೇವೆ, ನಿಮಗ್ಯಾಕೆ ತೊಂದರೆ ಎಂದರು. ಮೈ ಉರಿದುಹೋಯಿತು. ಅವಳು ಹೋದರೆ ನನಗೇನು ನಷ್ಟ? ಗೊತ್ತಿಲ್ಲ. ಹೋಗುವುದು ಬೇಡ, ಅಷ್ಟೇ.

ಬಿಸಿಲಿಲ್ಲದಿದ್ದರೆ ದೀಪ ಹಾಕಿದರಾಯಿತು.

ಆಗಸ್ಟ್ 13

ಹಾಕಿದರಾಯಿತಂತೆ! ವ್ಯಾಟ್ ಅಂತೆ, ಲ್ಯೂಮೆನ್ ಅಂತೆ, ಕೆಲ್ವಿನ್ ಅಂತೆ. ಕೆಲ್ವಿನ್ ಏರಿದಷ್ಟೂ ಬೆಳಕು ತಂಪು ಅಂತೆ. ಲ್ಯೂಮೆನ್ ಮನುಷ್ಯರ ಕಣ್ಣಿನ ಲೆಕ್ಕ, ಗಿಡದ ಲೆಕ್ಕವೇ ಬೇರೆಯಂತೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವಳು ನಾನು. ಗಿಡಕ್ಕೆ ಯಾವ ನಂಬರ್ ಅಂತ ಯಾರನ್ನು ಕೇಳಲಿ? ತಲೆ ಚಿಟ್ಟು ಹಿಡಿಯಿತು. ದೀಪದ ಅಂಗಡಿಯವನು ಗ್ರೋ ಲೈಟ್ ಅಂದರೆ ಇದೇ ಎಂದು ಕೆಂಪು ನೀಲಿ ಬೆರೆತದ್ದೊಂದು ಕೊಟ್ಟ. ತಂದೆ.

ಆಗಸ್ಟ್ 17

ಕೋಣೆಯೆಲ್ಲ ನೇರಳೆ. ಗೋಡೆ, ಹಾಸಿಗೆ, ಹುಡುಗಿಯ ಮುಖ, ಗಣಿತದ ಪುಸ್ತಕ. ಬ್ಯೂಟಿ ಪಾರ್ಲರ್ ತೆಗೆದಿರಾ ಎಂದು ಕೆಳಗಿನ ಮನೆಯಾಕೆ ಕೇಳಿದರು. ಹುಡುಗಿಯನ್ನು ಹೇಗಿದೆ ಎಂದು ಕೇಳಿದೆ. ಪರವಾಗಿಲ್ಲ. ಓದುವುದು ಮಾತ್ರ ಈಗ ಊಟದ ಮೇಜಿನಲ್ಲಿ. ತಲೆನೋವಿನ ಮಾತ್ರೆ ಖಾಲಿಯಾಗುತ್ತಿದೆ... ಪರವಾಗಿಲ್ಲವಂತೆ!

ಆಗಸ್ಟ್ 24

ನೇರಳೆ ವಾಪಸ್. ಬಿಳಿ ಎಲ್ಇಡಿ ತಂದೆ. ಎಲ್ಲ ಬಣ್ಣಗಳೂ ಅದರೊಳಗೇ ಇರುತ್ತವಂತೆ. ಇವರು, ನಾನು ಮೊದಲೇ ಹೇಳಿದ್ದೆ ಎಂದರು. ಯಾವಾಗ ಹೇಳಿದರೋ ಆ ದೇವರಿಗೇ ಗೊತ್ತು. ಗಿಡಗಳನ್ನು ಹಾಲ್‌ನ ಕಪಾಟಿಗೆ ಸಾಗಿಸಿದೆ. ಹುಡುಗಿಗೆ ಅವಳ ಕೋಣೆ ಸಿಕ್ಕಿತು.

ಇವತ್ತು ಓದಿದ್ದು: ಎಲೆ ಕಡು ಹಸಿರಾಗಿದ್ದರೆ ಬೆಳಕು ಸಾಲದು ಅಂತ ಅರ್ಥ. ತಿಳಿ ಹಸಿರೇ ಆರೋಗ್ಯ. ಅಯ್ಯೋ, ಇಷ್ಟು ದಿನ ಹಸಿದ ಗಿಡ ನೋಡಿ ದಷ್ಟಪುಷ್ಟ ಎಂದು ಬೀಗುತ್ತಿದ್ದೆನಲ್ಲ. ಹಸಿದಿವೆ ಅಂದಮೇಲೆ ಹಗಲೂ ರಾತ್ರಿ ಉರಿಯಲಿ.

ಸೆಪ್ಟೆಂಬರ್ 6

ಬೆಳಿಗ್ಗೆ ಎದ್ದರೆ ದೀಪ ಆರಿದೆ. ದಿನಾ ಹೀಗೇ. ಕರೆಂಟ್ ಬಿಲ್ ಎಂದು ಗೊಣಗುವವರು ಈ ಮನೆಯಲ್ಲಿ ಒಬ್ಬರೇ. ಇವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಪಾಪ, ಕಣ್ಣು ಕಣ್ಣು ಬಿಟ್ಟರು. ಅಷ್ಟರಲ್ಲಿ ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

"ಅಪ್ಪ ಅಲ್ಲ. ನಾನೇ ಆರಿಸ್ತಿದ್ದೆ. ಅವಕ್ಕೂ ರಾತ್ರಿ ಕತ್ತಲೆ ಬೇಕು, ಅಮ್ಮ ಹೇಳ್ತಿದ್ಲು."

ಮೊದಲೇ ಹೇಳಬಾರದಿತ್ತೇ ಎಂದೆ.

"ನೀವು ಅಷ್ಟು ಓಡಾಡಿ ತಂದಿದ್ರಿ. ತಪ್ಪು ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ..."

ಬಚ್ಚಲಿಗೆ ಹೋಗಿ ಅತ್ತೆ. ನಾಚಿಕೆಗೋ ಸಂತೋಷಕ್ಕೋ ತಿಳಿಯಲಿಲ್ಲ. ಇವರಿಗೆ ಬೈದದ್ದನ್ನು ವಾಪಸ್ ತೆಗೆದುಕೊಂಡಿಲ್ಲ. ಬೇರೆ ಯಾವುದಕ್ಕಾದರೂ ಜಮಾ ಆಗುತ್ತದೆ.

ಅಕ್ಟೋಬರ್ 20

ಬರೆಯಲು ಪುರುಸೊತ್ತಿಲ್ಲ. ಬೆಳಿಗ್ಗೆ ನಾನು ದೀಪ ಹಾಕುತ್ತೇನೆ, ರಾತ್ರಿ ಊಟಕ್ಕೆ ಮುಂಚೆ ಅವಳು ಆರಿಸುತ್ತಾಳೆ. ಒಂದು ಎಲೆಯ ಅಂಚು ಕೆಂಪಾಯಿತು, ಬೆಳಕು ಅತಿಯಾಗಿ. ಇಬ್ಬರೂ ಸ್ಟೂಲ್ ಹತ್ತಿ ದೀಪವನ್ನು ಎರಡು ಗೇಣು ಮೇಲಕ್ಕೆ ಕಟ್ಟಿದೆವು. ಅವಳ ಗೇಣು ನನ್ನದಕ್ಕಿಂತ ಉದ್ದ. ಯಾರ ಗೇಣು ಲೆಕ್ಕ ಎಂದು ವಾದ. ನಕ್ಕಳು! ಇವರು ಮೊಬೈಲ್ ಬಿಟ್ಟು ತಲೆ ಎತ್ತಿದರು.

ಡಿಸೆಂಬರ್ 12

ದೊಡ್ಡಮ್ಮ ಬಂದರು. ಎಲೆಗಳೆಲ್ಲ ಬಿಳಿಚಿಕೊಂಡಿವೆ, ಗಿಡವೂ ಸೊರಗಿದೆ, ಹುಡುಗಿಯೂ ಸೊರಗಿದ್ದಾಳೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ, "ಅದೇ ಸರಿಯಾದ ಬಣ್ಣ, ದೊಡ್ಡಮ್ಮ" ಎಂದಳು. ನನಗೆ ಆನೆ ಬಲ ಬಂತು. ಬಂದಷ್ಟೇ ಬೇಗ ಹೋಯಿತು. ರಜೆಗೆಂದು ತುಂಬಿಟ್ಟಿದ್ದ ಬ್ಯಾಗ್ ಒಳಗಿಂದ ತಂದು ಚಪ್ಪಲಿ ಮೆಟ್ಟಿದಳು. ಅಲ್ಲಿಯ ಶಾಲೆಯಲ್ಲಿ ಮಾತಾಡಿ ಆಗಿದೆಯಂತೆ. ಇನ್ನು ಅವಳು ಹೂಂ ಅನ್ನುವುದೊಂದು ಬಾಕಿ.

ಕುಂಡಗಳನ್ನು ಕಾರಿಗೆ ಇಡಲೇ ಎಂದು ದೊಡ್ಡಮ್ಮ ಕೇಳಿದರು. "ಬೇಡ. ಇಲ್ಲೇ ಇರಲಿ."

ಏನಿದರ ಅರ್ಥ? ವಾಪಸ್ ಬರುತ್ತೇನೆ ಅಂತಲೋ? ಇನ್ನು ನನಗೆ ಬೇಡ, ನೀವೇ ಇಟ್ಟುಕೊಳ್ಳಿ ಅಂತಲೋ? ಇವರನ್ನು ಕೇಳಿದರೆ, ಅವಳನ್ನೇ ಕೇಳಬೇಕಿತ್ತು ಎಂದರು. ಅಪ್ಪ ನೀವೋ ನಾನೋ ಎಂದೆ.

ಡಿಸೆಂಬರ್ 19

ಫೋನಿಲ್ಲ. ರಾತ್ರಿ ದೀಪ ಆರಿಸಲು ಕೈ ಬರಲಿಲ್ಲ, ಇವರೇ ಆರಿಸಿದರು. ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ — ನನಗೆ ಅವಳು ಬೇಕು.

ಡಿಸೆಂಬರ್ 23, ಮಧ್ಯಾಹ್ನ

ಮೂಲೆಯ ಕುಂಡದಲ್ಲಿ, ಎಲೆಯ ಬುಡದಿಂದ ಏನೋ ಹಸಿರಾಗಿ ಇಣುಕಿದೆ. ಬೇರೋ, ಹೂವಿನ ಕಡ್ಡಿಯೋ? ಶುರುವಿನಲ್ಲಿ ಎರಡೂ ಒಂದೇ ಥರ. ಭೂತಗನ್ನಡಿ ಹಿಡಿದು ನೋಡಿದೆ, ಬೇರು. ಮಗ್ಗುಲಿಂದ ನೋಡಿದೆ, ಹೂವು. ಫೋಟೋ ತೆಗೆದು ಹುಡುಗಿಗೆ ಕಳಿಸಿದೆ. ಜೊತೆಗೆ ಒಂದಕ್ಷರ ಬರೆಯಲು ಧೈರ್ಯ ಸಾಲಲಿಲ್ಲ.

ಸಂಜೆ

ಬಂತು.

"ಫೋಟೋದಲ್ಲಿ ಗೊತ್ತಾಗ್ತಿಲ್ಲ. ಭಾನುವಾರ ಬಂದು ನೋಡ್ತೀನಿ. ಅಲ್ಲೀವರೆಗೂ ಕುಂಡ ತಿರುಗಿಸ್ಬೇಡಿ."

ಬಂದು ನೋಡಿ ಹೋಗುತ್ತಾಳೋ, ಇರುತ್ತಾಳೋ? ಫೋನು ಹಿಡಿದು ನಿಂತೇ ಇದ್ದೆ. ಇನ್ನೊಂದು ಬಂತು.

"ಬೀರುನಲ್ಲಿ ನನ್ನ ಸ್ಕೂಲ್ ಯೂನಿಫಾರ್ಮ್ ಸ್ಕರ್ಟ್ ಇದೆ. ಗಿಡ್ಡ ಆಗಿದೆ. ಶಾಲೆ ಶುರುವಾಗೋದ್ರೊಳಗೆ ಅಂಚು ಬಿಚ್ಚಿ ಇಳಿಸಿಕೊಡ್ತೀರಾ?"

ಕೊಡುತ್ತೇನೆ ಕಣೇ. ಸ್ಕರ್ಟ್ ತೊಡೆಯ ಮೇಲಿದೆ. ಕತ್ತರಿ ಎಲ್ಲಿ ಸತ್ತಿತೋ. ಏನು ಹುಡುಕುತ್ತಿದ್ದೀಯ ಎಂದು ಇವರು ಕೇಳುತ್ತಿದ್ದಾರೆ, ಫೋನನ್ನೇ ಅವರ ಕೈಗಿಟ್ಟೆ.